ಗೋಡೆಯ ಸಂದಿನ ಕೂದಲುಂಡೆ

ಮಲ್ಲಿಕಾ ತೀರಿಕೊಂಡಳು. ಸೋಮವಾರ ಮುಂಜಾನೆ, ಕುಬಿಹಾಳದ ಹೊಲದಲ್ಲಿ ಹತ್ತಿ ಬಿಡಿಸುವಾಗ, ಹಾವು ಕಚ್ಚಿ. ಮೂವತ್ತಾರು ವರ್ಷ. ಹಿಂದಿನ ದಿನ ತಲೆಗೆ ಎರೆದುಕೊಂಡಿದ್ದಕ್ಕೇ ಹೀಗಾಯಿತು ಎಂದು ಓಣಿಯಲ್ಲಿ ಒಂದಿಬ್ಬರು ಅಂದರು. ಅದು ಸುಳ್ಳು. ಆದರೆ ಅಂಥದೇ ಮಾತನ್ನು ನಂಬಿ ಆಕೆ ತಿಂಗಳುಗಟ್ಟಲೆ ನಡುಗಿದ್ದಳು.

ಅವಳ ಅವ್ವ ಸಣ್ಣವ್ವನೂ ಮೂವತ್ತಾರಕ್ಕೇ ಹೋದವಳು. ಅದಕ್ಕೂ ಮೊದಲು ಅವಳ ಕೂದಲು ಹಿಡಿಹಿಡಿಯಾಗಿ ಉದುರಿತ್ತು. ಹಾಸಿಗೆಯ ಮೇಲಿಂದ ಅದನ್ನು ಆರಿಸಿದವಳು ಹತ್ತು ವರ್ಷದ ಮಲ್ಲಿಕಾ. ಹಾಗಾಗಿ ಈ ಯುಗಾದಿಗೆ ಎರೆದುಕೊಂಡಾಗ ಲಿಂಬೆಕಾಯಿಯಷ್ಟು ಕೂದಲು ಬೆರಳಿಗೆ ಸುತ್ತಿಕೊಂಡದ್ದೇ ತಡ, ಉಳಿದ ನೀರನ್ನು ಹಾಗೇ ಬಿಟ್ಟು ಎದ್ದಳು. ನೀರು ಬಿದ್ದರೆ ಉದುರುತ್ತದೆ, ಉದುರಿದರೆ ಅವ್ವನ ಹಾದಿ.

ವಾರಕ್ಕೊಮ್ಮೆ ಎರೆದುಕೊಳ್ಳುತ್ತಿದ್ದವಳು ಹದಿನೈದು ದಿನಕ್ಕೊಮ್ಮೆ ಮಾಡಿದಳು. ಆಗ ಬಂದದ್ದು ಉಳ್ಳಾಗಡ್ಡಿಯಷ್ಟು. ಹೆದರಿ ತಿಂಗಳಿಗೆ ದೂಡಿದಳು. ಬದನೆಕಾಯಿಯಷ್ಟು ಬಂತು. ಅಲ್ಲಿಂದ ಎರಡು ತಿಂಗಳು ತಲೆಗೆ ನೀರೇ ಇಲ್ಲ. ಬೆವರು, ಎಣ್ಣೆ, ಹೊಲದ ಧೂಳು ಸೇರಿ ನೆತ್ತಿಯ ಮೇಲೆ ಹೊಟ್ಟು ಪದರಗಟ್ಟಿತು. ಕೆರೆದ ಕಡೆಯೆಲ್ಲ ಕೂದಲ ಬುಡದಲ್ಲಿ ಕೀವುಗುಳ್ಳೆ ಎದ್ದವು. ಒಂದೊಂದು ಗುಳ್ಳೆಯೂ ಅವಳಿಗೆ ಸಾವಿನ ಗುರುತಾಗಿಯೇ ಕಂಡಿತು.

ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವ ಗೆಳತಿ ನೇತ್ರಾ ಓದಿ ತಿಳಿದದ್ದನ್ನೆಲ್ಲ ಹೇಳಿದಳು. "ತೊಳದ್ರ ಉದರೂದಲ್ಲ ಬೇ. ಉದರಿದ್ದು ತೊಳದಾಗ ಕಾಣತೈತಿ ಅಷ್ಟ."

"ನಿನಗೇನ್ ಗೊತ್ತು? ನಿಮ್ಮವ್ವ ಇನ್ನೂ ಅದಾಳ."



ದಸರೆಗೆ ಮುಂಚೆ ರೇವವ್ವ ಬಂದಳು. ಕೂದಲು ಕೊಂಡು ಸ್ಟೀಲ್ ಪಾತ್ರೆ ಕೊಡುವವಳು. ಗೋಡೆಯ ಸಂದಿಯಲ್ಲಿ ತುರುಕಿಟ್ಟಿದ್ದ ಉಂಡೆಯನ್ನು ಮಲ್ಲಿಕಾ ತಂದಿಟ್ಟಳು. ರೇವವ್ವ ಮೂಸಿ ನೋಡಿ ದೂರ ಸರಿಸಿದಳು.

"ಥೂ, ನಾರತೈತಿ! ಇದಕ್ಕ ಚಮಚಾನೂ ಕೊಡಾಂಗಿಲ್ಲ. ಎರಕೊಂಡು ಎಷ್ಟ ದಿವಸಾತು?"

ಮಲ್ಲಿಕಾ ಅಳುತ್ತ ಎಲ್ಲ ಹೇಳಿದಳು. ರೇವವ್ವ ನಕ್ಕಳು.

"ಹುಚ್ಚಿ! ತಿಂಗಳ ಕೂದಲ ಒಂದ ದಿವಸ ಬಂದ್ರ ಉಂಡಿ ದೊಡ್ಡದಾಗದ ಏನಾಕ್ಕೈತಿ? ನಾಕ ಲಿಂಬಿಕಾಯಿ ಕೂಡಿಸಿ ನೋಡು." ಆಮೇಲೆ ದನಿ ತಗ್ಗಿಸಿದಳು. "ನಿಮ್ಮವ್ವನ ಕೂದಲಾನೂ ನಾನ ಒಯ್ದಾಕಿ. ಆಕಿಗೆ ಹುಬ್ಬಳ್ಳ್ಯಾಗ ಕ್ಯಾನ್ಸರ್ ಗಡ್ಡಿಗೆ ಸೂಜಿ ಮಾಡತಿದ್ರು, ಅದಕ್ಕ ತಲಿ ಬೋಳಾತು. ನಿಂದು ಬರೇ ಹೊಲಸವಾ. ಹೋಗಿ ಡಾಕ್ಟರ್‌ಗೆ ತೋರಸು."

ಆರೋಗ್ಯ ಕೇಂದ್ರದಲ್ಲಿ ಗುಳಿಗೆ ಕೊಟ್ಟರು, ಔಷಧಿಯ ಶ್ಯಾಂಪೂ ಬರೆದರು, ವಾರಕ್ಕೆರಡು ಸಲ ಎಂದರು. ಮೊದಲ ಸಲ ನೀರು ಹಾಕಿದವಳು ನೇತ್ರಾ. ಮಲ್ಲಿಕಾ ಕಣ್ಣು ಮುಚ್ಚಿ, ಆಕೆಯ ಮುಂಗೈಯನ್ನು ಉಗುರು ಊರುವಂತೆ ಹಿಡಿದಿದ್ದಳು.

"ಎಷ್ಟ ಬಂತು? ನೇತ್ರಾ, ಎಷ್ಟ ಬಂತ ಹೇಳ!"

"ಕಣ್ಣ ತಗದು ನೀನ ನೋಡ."

ಅವಳು ಕಣ್ಣು ತೆರೆಯಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ಉಂಡೆಯನ್ನು ಕೈಗೆ ತೆಗೆದುಕೊಂಡು ನೋಡಿದಳು. ಗುಳ್ಳೆ ಬತ್ತಿ, ತುರಿಕೆ ಹೋಗಿ, ಉಂಡೆ ಲಿಂಬೆಕಾಯಿಗಿಂತ ಸಣ್ಣದಾದ ಮೇಲೂ ಬೆಳಕಿಗೆ ಹಿಡಿದು ಅಳೆಯುವುದನ್ನು ಬಿಟ್ಟಿರಲಿಲ್ಲ.

ಆ ಭಾನುವಾರ ಒಬ್ಬಳೇ ಎರೆದುಕೊಂಡಳು. ಸೋಮವಾರ ಕೂಲಿಯವರ ಟಂಟಂ ಹೊರಗೆ ಹಾರ್ನ್ ಹೊಡೆಯುತ್ತಿತ್ತು. ಅವಳನ್ನು ಕೂಗಲು ಬಂದ ನೇತ್ರಾ ಬಾಗಿಲಲ್ಲಿ ನಿಂತು ನೋಡಿದಳು. ಮಲ್ಲಿಕಾ ತಲೆ ಬಾಚಿ, ಬಾಚಣಿಗೆಯ ಕೂದಲನ್ನು ಬೆರಳಿಗೆ ಸುತ್ತಿ, ಅದರ ಕಡೆ ನೋಡದೆಯೇ ಗೋಡೆಯ ಸಂದಿಗೆ ತುರುಕಿ, ಹತ್ತಿಯ ಚೀಲ ಹೆಗಲಿಗೆ ಹಾಕಿಕೊಂಡಳು.