ಸಾಹುಕಾರರ ರೈಡು

ಗೆಳೆಯರೇ, ಇಂದು ಮಾನ್ವಿಯ ಕಬಡ್ಡಿ ಪಂದ್ಯಾವಳಿಗೆ ನಾನೇ ರೆಫ್ರಿ. ರೇಷನ್ ಅಕ್ಕಿ ಕದ್ದು ಮಾರಿದ ಕೇಸಿನಲ್ಲಿ ಜಾಮೀನಿನ ಮೇಲಿರುವ ಮಿಲ್ ಸಾಹುಕಾರರು ಈ ಸಲ ಒಂದು ತಂಡದ ಮಾಲೀಕರು. ಅವರ ಫೋಟೋ ಇದ್ದ ಜರ್ಸಿ ತೊಡುತ್ತ ನಾಯಕ ಬಸವರಾಜ ಗೊಣಗಿದ: "ನಮ್ಮವ್ವನ ಅಕ್ಕಿ ತಿಂದಾಂವನ್ನ ಎದಿ ಮ್ಯಾಲ ಹೊತ್ಕೊಂಡು ಆಡ್ಬೇಕೇನ್ರಿ ಸರ್?"

ಉದ್ಘಾಟನೆಗೆ ಬಂದ ಗಣ್ಯರು ಒಂದು ರೈಡ್ ಮಾಡುವುದು ನಮ್ಮಲ್ಲಿ ವಾಡಿಕೆ. ಅವರನ್ನು ಯಾರೂ ಹಿಡಿಯುವುದಿಲ್ಲ. ಸಾಹುಕಾರರೂ ಧೋತರ ಎತ್ತಿಕಟ್ಟಿ ಹೋದರು. ಎದುರಾಳಿ ಮಸರಕಲ್ ತಂಡದ ಆಟಗಾರನೊಬ್ಬ ಕಾಲು ಹಿಡಿದೇಬಿಟ್ಟ! ಸಾಹುಕಾರರು ಮಣ್ಣಿನಲ್ಲಿ ಕುಳಿತರು.

"ತಪ್ಪಾತ್ರಿ ಸಾವ್ಕಾರ್ರೆ, ಕಾಲು ಕಂಡಕೂಡ್ಲೆ ಕೈ ಹೋತ್ರಿ" ಎಂದ ಅವನು.

ಎಲ್ಲರೂ ನನ್ನತ್ತ ನೋಡಿದರು. ಸೀಟಿ ಊದಿದೆ. "ಔಟ್ ರೀ. ಲೈನಿನ ಹೊರಗ ಕುಂದರ್ರಿ."

ಸಾಹುಕಾರರು ನಗುತ್ತಲೇ ಹೋಗಿ ಕುಳಿತರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಬಸವರಾಜ. ಅದೇ ಹುಮ್ಮಸ್ಸಿನಲ್ಲಿ ಪಂದ್ಯದ ಮೊದಲ ರೈಡಿಗೆ ನುಗ್ಗಿ, ಒಬ್ಬನನ್ನು ಮುಟ್ಟಿ ಬಂದ.

ಸಾಹುಕಾರರು ಧೂಳು ಕೊಡವಿ ಎದ್ದರು. "ನಮ್ಮಾಂವ ಪಾಯಿಂಟ್ ತಂದಾನ. ನನಗ ಜೀವ ಬಂತಲ್ರಿ ರೆಫ್ರಿ ಸಾಹೇಬ್ರ?"

ತಂಡದವನೊಬ್ಬ ಪಾಯಿಂಟ್ ತಂದರೆ ಔಟಾದವರು ಮತ್ತೆ ಒಳಗೆ ಬರಬೇಕು, ಅದು ಆಟದ ನಿಯಮ. ಔಟ್ ಕೊಟ್ಟವನೇ ನಾನು. ಇಲ್ಲ ಎನ್ನುವುದು ಹೇಗೆ? ಒಳಗೆ ಕರೆದೆ.

ಬಸವರಾಜ ತಲೆ ಚಚ್ಚಿಕೊಂಡ. "ನಾನೇ ಎಬ್ಬಿಸಿದಂಗಾತಲ್ರಿ ಸರ್! ಇನ್ನ ಹೆಂಗ ಆಡ್ಲಿ?"

ಮುಂದಿನ ರೈಡಿಗೆ ಸೀಟಿ ಊದಿದೆ. ಚೆನ್ನಾಗಿ ಆಡಬೇಡ ಎಂದು ರೆಫ್ರಿ ಹೇಳುವಂತಿಲ್ಲ.