ತ್ಯಾಂಪಣ್ಣ ಹಾಕಿದ ಪಿಎಲ್ ಕನೆಕ್ಟರ್

ಮಂಡೆಕೋಲಿನಲ್ಲಿ ತಂಗಿಯ ಮನೆ ಮಾಡಿನ ಮೇಲೆ ಕೂತಿದ್ದ ತ್ಯಾಂಪಣ್ಣನಿಗೆ ಕೆಳಗಿಳಿಯಲು ಮುಖವಿರಲಿಲ್ಲ. ಕೆಳಗೆ ತಂಗಿಯ ಮಗಳು ಪ್ರೀತಿಕಾ ಏಣಿ ಹಿಡಿದು ನಿಂತಿದ್ದಳು. ಇವನ ಕೈಯಲ್ಲಿ ಅವಳ ರೇಡಿಯೋ ಆಂಟೆನಾದಿಂದ ಬಿಚ್ಚಿದ ಕನೆಕ್ಟರ್. ಅದರೊಳಗೆ ನೀರು, ಕಪ್ಪು ಅಂಟು.

ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವ ಪುತ್ತೂರು, ಸುಳ್ಯ, ಕಡಬದ ಹ್ಯಾಮ್‌ಗಳಿಗೆಲ್ಲ ಇಚಿಲಂಪಾಡಿಯ ಈ ತ್ಯಾಂಪಣ್ಣನೇ ಗುರು. ಏಳು ಮೆಗಾಹರ್ಟ್ಸ್‌ನಲ್ಲಿ ದೇಶವಿಡೀ ಮಾತಾಡಿದ ಮನುಷ್ಯ. ಕೇಬಲ್ ಜೋಡಿಸಲು ಪಿಎಲ್ ಎಂಬ ದಪ್ಪ ಕನೆಕ್ಟರ್ ಬಿಟ್ಟು ಬೇರೆ ಮುಟ್ಟಿದವನಲ್ಲ.

ಹೊಸದಾಗಿ ಲೈಸೆನ್ಸ್ ಪಡೆದ ಪ್ರೀತಿಕಾ, ಅವನು ಆಂಟೆನಾ ಕಟ್ಟಿಕೊಡುವಾಗಲೇ ಹೇಳಿದ್ದಳು, "ಮಾವ, ನನ್ನದು ನಾನೂರ ಮೂವತ್ತೈದು ಮೆಗಾಹರ್ಟ್ಸ್ ಅಲ್ವಾ? ಅಷ್ಟು ಹೆಚ್ಚಿನ ಫ್ರೀಕ್ವೆನ್ಸಿಗೆ ಎನ್ ಕನೆಕ್ಟರ್ ಬೇಕಂತೆ. ಪಿಎಲ್‌ನಲ್ಲಿ ಸಿಗ್ನಲ್ ವಾಪಸ್ ಬರ್ತದಂತೆ, ನೀರೂ ಇಳೀತದಂತೆ."

"ಎಂತ ಅಂತೆಕಂತೆ ಮಾರಾಯ್ತಿ! ನನ್ನ ಪಿಎಲ್ ದೆಹಲಿಗೆ ಮುಟ್ಟುದು, ನಿನ್ನದು ಸುಳ್ಯಕ್ಕೆ ಮುಟ್ಟುದಿಲ್ವಾ?"

ನೀರಿಗೂ ಅವನಲ್ಲಿ ಮದ್ದಿತ್ತು. ಮಳೆಗಾಲದಲ್ಲಿ ರಬ್ಬರ್ ಮರಕ್ಕೆ ಪ್ಲಾಸ್ಟಿಕ್ ಅಂಟಿಸುವ ಕಪ್ಪು ಅಂಟಿಗೆ ಸೀಮೆಎಣ್ಣೆ ಬೆರೆಸಿ, ತೆಳ್ಳಗೆ ಮಾಡಿ ಕನೆಕ್ಟರ್‌ಗೆ ಬಳಿದ. ಆ ತೆಳು ಅಂಟು ಕನೆಕ್ಟರ್ ಒಳಗೇ ಇಳಿಯಿತು, ನೀರೂ ನಿಲ್ಲಲಿಲ್ಲ. ಬೇಕಿತ್ತಾ ಈ ಬುದ್ಧಿವಂತಿಕೆ?

ಜೂನ್‌ನಲ್ಲಿ, ನೆರೆ ಬಂದರೆ ಸುದ್ದಿ ದಾಟಿಸುವ ಅಭ್ಯಾಸ ನಡೆಯಿತು. ಎಲ್ಲರ ದನಿ ಬಂತು, ಪ್ರೀತಿಕಾಳದ್ದು ಬರೀ ಗೊರಗೊರ. ತ್ಯಾಂಪಣ್ಣನ ಪಿತ್ತ ನೆತ್ತಿಗೇರಿತು. "ಮೊದಲು ಮೈಕ್ ಹಿಡಿಯುದು ಕಲಿ! ಬರುದಿಲ್ಲಾಂದ್ರೆ ಲೈಸೆನ್ಸ್ ಎಂತಕ್ಕೆ?" ಎಂದು ಎಲ್ಲರೂ ಕೇಳುವಂತೆ ಬೈದ. ಆಮೇಲೆ ಅವಳು ರೇಡಿಯೋ ಮುಟ್ಟಲಿಲ್ಲ. "ರೇಡಿಯೋ ಮಾರಿಬಿಡ್ತಾಳಂತೆ ಅಣ್ಣ" ಎಂದು ತಂಗಿ ಕಮಲಾವತಿ ಫೋನ್ ಮಾಡಿದಾಗ ಓಡಿಬಂದಿದ್ದ.

ಈಗ ಹಾಳಾದ ತುದಿಗಳನ್ನು ಕತ್ತರಿಸಿ, ಅವಳು ತರಿಸಿಟ್ಟಿದ್ದ ಎನ್ ಕನೆಕ್ಟರ್‌ಗಳನ್ನು ಹಾಕಿದ. ಏಣಿ ಇಳಿದ. ಅವಳ ಮುಖ ನೋಡಲಾಗಲಿಲ್ಲ.

ಪ್ರೀತಿಕಾ ರೇಡಿಯೋ ಹಚ್ಚಿ, ಮಾವ ಬಂದು ಸರಿಮಾಡಿದ್ದನ್ನು ಹೇಳಿದರೆ ಪುತ್ತೂರಿನ ಹ್ಯಾಮ್ ಮಹಾಗಣಪತಿಯ ದನಿ: "ಹೋ, ಪ್ರೀತಿಕಾ ಈಗ ಸ್ಪಷ್ಟ ಉಂಟು! ಗುರುಗಳು ಕೈ ಇಟ್ರೆ ಹಾಗೆಯೇ. ತಪ್ಪು ಎಂತ ಇದ್ದದ್ದು?"

"ನನ್ನದೇ…" ಎಂದು ಪ್ರೀತಿಕಾ ಶುರುಮಾಡಿದಳು.

ಹೌದು ಎಂದಿದ್ದರೆ ಗುರುವಿನ ಮಾನ ಉಳಿಯುತ್ತಿತ್ತು. ತ್ಯಾಂಪಣ್ಣ ಮೈಕ್ ಕಿತ್ತುಕೊಂಡ. "ಅವಳದ್ದಲ್ಲ ಮಾರಾಯ್ರೆ, ನನ್ನ ತಪ್ಪು. ಪಿಎಲ್ ಹಾಕಿದ್ದು ನಾನು, ಅಂಟು ಬಳಿದದ್ದು ನಾನು. ಬೈಗುಳ ತಿಂದದ್ದು ಇವಳು. ನನಗೆ ನಾಚಿಕೆ ಆಗ್ತದೆ."

ಮೈಕ್ ಕೆಳಗಿಟ್ಟ ಮೇಲೆ ಪ್ರೀತಿಕಾ ಮೆಲ್ಲಗೆ ಹೇಳಿದಳು, "ನನಗೆ ಅವತ್ತೇ ಗೊತ್ತಿತ್ತು ಮಾವ. ಮೀಟರ್ ಹಾಕಿ ನೋಡಿದ್ದೆ, ಸಿಗ್ನಲ್ ವಾಪಸ್ ಬರ್ತಾ ಇತ್ತು. ಅಷ್ಟು ಜನ ಕೇಳುವಾಗ ನಿಮ್ಮ ಮರ್ಯಾದೆ ಹೇಗೆ ತೆಗೆಯುದು?"

ತಪ್ಪು ಒಪ್ಪಿಕೊಂಡರೆ ಮನಸ್ಸು ಹಗುರಾದೀತು ಅಂದುಕೊಂಡಿದ್ದ ತ್ಯಾಂಪಣ್ಣನಿಗೆ ಕುರ್ಚಿಯಿಂದ ಏಳಲೂ ಆಗಲಿಲ್ಲ.