ನೆತ್ತಿ ತಟ್ಟಿದ ಕೈ

ನಾನು ಹೈದರಾಬಾದಿನ ಬಾಲಾನಗರದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದವನು. ವಿಮಾನಕ್ಕೆ ಹೋಗುವ ಉಪಕರಣಗಳನ್ನು ಪರೀಕ್ಷೆ ಮಾಡುವ ಕೆಲಸ. ಒಂದು ಬೆಸುಗೆ ಬಿಟ್ಟುಕೊಂಡರೂ ಮೇಲೆ ಹಾರುವವನ ಜೀವಕ್ಕೆ ಸಂಚಕಾರ ಎಂದು ಹೊಸದಾಗಿ ಸೇರಿದವರಿಗೆ ಪಾಠ ಹೇಳುತ್ತಿದ್ದೆ. ಅಂಥ ನನ್ನ ಮನೆಯಲ್ಲಿ, ಹಾಡುಹಗಲು, ಊಟಕ್ಕೆ ಕೂತಲ್ಲೇ ನನ್ನ ಅಕ್ಕನ ಉಸಿರು ಕಟ್ಟಿತು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಇದ್ದೆ ಅಷ್ಟೇ ಅಲ್ಲ, ನಗುತ್ತಲೂ ಇದ್ದೆ.

ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಸುರಕ್ಷಾ ಸಪ್ತಾಹ ನಡೆಯುತ್ತಿತ್ತು. ಬ್ಯಾನರು, ಕೈ ಮುಂದೆ ಚಾಚಿ ಪ್ರತಿಜ್ಞೆ, ಸಾಹೇಬರ ಭಾಷಣ, ಕೊನೆಗೆ ಘೋಷವಾಕ್ಯದ ಸ್ಪರ್ಧೆ. ನನಗೆ ಮೊದಲಿಂದಲೂ ಪ್ರಾಸ ಕಟ್ಟುವ ಚಟ. ಹಿಂದಿಯಲ್ಲಿ ಎರಡು ಸಾಲು ಹೊಸೆದು ಕೊಟ್ಟರೆ ಬಹುಮಾನ ಗ್ಯಾರಂಟಿ. ಹಾಗೆ ಗೆದ್ದ ಗೋಡೆ ಗಡಿಯಾರ, ಥರ್ಮಾಸು, ರೊಟ್ಟಿ ಬಿಸಿಯಾಗಿಡುವ ಹಾಟ್‌ಬಾಕ್ಸು ಎಲ್ಲ ಮನೆಯಲ್ಲಿವೆ. ನಮ್ಮ ಅಡುಗೆಮನೆ ಅರ್ಧ ನಡೆಯುವುದೇ ಸುರಕ್ಷತೆಯ ಮೇಲೆ ಎಂದು ನಾನು ಬಂದವರ ಮುಂದೆಲ್ಲ ಚೇಷ್ಟೆ ಮಾಡುತ್ತಿದ್ದೆ.

ಅದೇ ಸಪ್ತಾಹದಲ್ಲಿ ಒಂದು ಮಧ್ಯಾಹ್ನ ಪ್ರಥಮ ಚಿಕಿತ್ಸೆಯ ತರಬೇತಿಯೂ ಇರುತ್ತಿತ್ತು. ಕಲಿಸುತ್ತಿದ್ದವರು ನಮ್ಮ ಅಗ್ನಿಶಾಮಕ ವಿಭಾಗದ ಒಬ್ಬ ಮಾಜಿ ಹವಾಲ್ದಾರರು, ವರಂಗಲ್ ಕಡೆಯವರು. ಗಂಟಲಲ್ಲಿ ತುತ್ತು ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕು ಎಂಬುದನ್ನು ಅವರು ಪ್ರತಿ ವರ್ಷವೂ ತೋರಿಸುತ್ತಿದ್ದರು. ನೀರು ಕೊಡಬೇಡಿ ಎಂಬುದನ್ನು ತೆಲುಗಿನಲ್ಲಿ ಎರಡೆರಡು ಸಲ ಕೂಗಿ ಹೇಳುವುದು ಅವರ ರೂಢಿ: "ನೀಳ್ಳು ಇವ್ವೊದ್ದು ಸಾರ್, ನೀಳ್ಳು ಇವ್ವೊದ್ದು!" ಆ ದನಿಯನ್ನು ನಾನು ಕ್ಯಾಂಟೀನಿನಲ್ಲಿ ಥೇಟ್ ಹಾಗೇ ಅನುಕರಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ಯಾರಾದರೂ ಲೋಟ ಕೈಗೆತ್ತಿಕೊಂಡರೆ ಸಾಕು, ನಾನು ಶುರು.

ಕೊನೆಯಲ್ಲಿ ಅವರು, ಇಬ್ಬಿಬ್ಬರು ಜೋಡಿಯಾಗಿ ನಿಂತು ಮಾಡಿ ನೋಡಿ, ಆಮೇಲೆ ಸಹಿ ಹಾಕಿ ಎನ್ನುತ್ತಿದ್ದರು. ನಾನು ಮೊದಲು ಸಹಿ ಹಾಕುತ್ತಿದ್ದೆ. ಆ ದಿನ ಕ್ಯಾಂಟೀನಿನಲ್ಲಿ ಮಿರ್ಚಿ ಬಜ್ಜಿ ಮಾಡುತ್ತಿದ್ದರು, ತಡವಾದರೆ ಬಿಸಿ ಸಿಗುತ್ತಿರಲಿಲ್ಲ. ಪಕ್ಕದವನ ತೋಳು ಹಿಡಿದು ಹಿಂಬಾಗಿಲಿನಿಂದ ಜಾರಿಕೊಳ್ಳುತ್ತಿದ್ದೆ. ತಲೆ ನೆಟ್ಟಗಿರುವವನಿಗೆ ಇದೆಲ್ಲ ಆ ಹೊತ್ತಿಗೆ ತಾನಾಗಿ ಹೊಳೆಯುತ್ತದೆ, ಇದಕ್ಕೇನು ಕ್ಲಾಸು ಬೇಕೆ ಎಂದು ಅವನಿಗೆ ಹೇಳಿದ್ದೂ ನೆನಪಿದೆ. ಎಷ್ಟು ಸುಲಭವಾಗಿ ಹೇಳಿದ್ದೆ!

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ಬೇಗ ಹೋದದ್ದರಿಂದ ನನಗೆ ತಲೆ ಬಾಚಿ ಸಾಲೆಗೆ ಕಳಿಸಿದವಳು ಅವಳೇ. ಭಾವ ತೀರಿಕೊಂಡ ಮೇಲೆ ಬಾಗಲಕೋಟೆಯಿಂದ ಕೂಕಟ್‌ಪಲ್ಲಿಯ ನಮ್ಮ ಫ್ಲಾಟಿಗೆ ಬಂದು ಇದ್ದುಬಿಟ್ಟಳು. ಅವಳಿಗೆ ಒಬ್ಬಳೇ ಮಗಳು. ಆ ಮಗಳಿಗೂ ಈ ಊರಲ್ಲೇ ಕೆಲಸ, ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ನೋಡಿಕೊಳ್ಳುವುದು. ಗಂಡ ಹೆಂಡತಿ ಇಬ್ಬರಿಗೂ ಪಾಳಿಯ ದುಡಿಮೆ. ಹಗಲೆಲ್ಲ ಗೋಡೆ ನೋಡುತ್ತ ಕೂಡುವುದು ನನ್ನಿಂದಾಗದು ಎಂದು ಅಕ್ಕ ನಮ್ಮಲ್ಲೇ ಉಳಿದಳು. ಹದಿನೈದು ದಿನಕ್ಕೊಮ್ಮೆ ಮಗಳು ಬಂದು ಅವ್ವನ ಕೈಯ ರೊಟ್ಟಿ ಉಂಡು ಹೋಗುತ್ತಿದ್ದಳು.

ಅಕ್ಕನಿಗೆ ಹಲ್ಲಿನ ಸೆಟ್ಟು ಕಟ್ಟಿಸಿದವನು ನಾನು. ಅವಳು ಬೇಡವೆಂದೇ ಅಂದಿದ್ದಳು. "ತಮ್ಮಾ, ಬಾಯಾಗ ಬ್ಯಾರೆದವರ ಸಾಮಾನ ಇಟ್ಕೊಂಡಂಗ ಆಕ್ಕೇತಿ" ಎಂದು ಗೊಣಗುತ್ತಿದ್ದಳು. ನಾನು ಬಿಡಲಿಲ್ಲ. ಸೆಟ್ಟು ಬಂದ ಮೇಲೆ ಅವಳಿಗೆ ಅಗಿದದ್ದು ಎಷ್ಟು, ನುಂಗಿದ್ದು ಎಷ್ಟು ತಿಳಿಯುತ್ತಿರಲಿಲ್ಲ.

ಅಂದು ಭಾನುವಾರ. ಹೆಂಡತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬದನೆಕಾಯಿಯ ಎಣಗಾಯಿ ಮಾಡಿದ್ದಳು, ಅಕ್ಕನಿಗೆ ಅದೆಂದರೆ ಪ್ರಾಣ. ಅಕ್ಕ ದಿನಾಲೂ ಕೆಳಗಿನ ತರಕಾರಿ ಗಾಡಿಯವನ ಜೊತೆ ಕನ್ನಡದಲ್ಲೇ ವ್ಯಾಪಾರ ಮಾಡುತ್ತಿದ್ದಳು, ಅವನು ತೆಲುಗಿನಲ್ಲೇ ಜಗಳ ತೆಗೆಯುತ್ತಿದ್ದ, ಇಬ್ಬರೂ ಗೆದ್ದೆವೆಂದುಕೊಂಡು ಬೇರೆಯಾಗುತ್ತಿದ್ದರು. ಅಂದು ಊಟಕ್ಕೆ ಕೂತು ಅದನ್ನೇ ನಾನು ಎರಡೂ ದನಿಯಲ್ಲಿ ಮಾಡಿ ತೋರಿಸುತ್ತಿದ್ದೆ. ಅಕ್ಕ ತುಂಬಿದ ಬಾಯಲ್ಲಿ ನಕ್ಕಳು. ನಗುತ್ತಲೇ ಕೆಮ್ಮಿದಳು.

ನಮ್ಮ ಕಡೆ ಉಣ್ಣುವಾಗ ಹೀಗಾದರೆ ನೆತ್ತಿಗೆ ಹತ್ತಿತು ಎನ್ನುತ್ತೇವೆ. ದೂರದಲ್ಲಿ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ಅದರ ಅರ್ಥ. ಪಕ್ಕದಲ್ಲಿ ಕೂತವರು ಅಂಗೈಯಿಂದ ನೆತ್ತಿಯನ್ನು ಮೆಲ್ಲಗೆ ತಟ್ಟುತ್ತ ಒಬ್ಬೊಬ್ಬರನ್ನೇ ಹೇಳುತ್ತ ಹೋಗಬೇಕು. ಯಾರನ್ನು ಹೇಳಿದಾಗ ಕೆಮ್ಮು ನಿಲ್ಲುತ್ತದೋ ಅವರೇ ನೆನೆಸಿದವರು. ಚಿಕ್ಕಂದಿನಲ್ಲಿ ಅಕ್ಕ ನನಗೆ ಇದನ್ನು ನೂರು ಸಲ ಮಾಡಿದ್ದಾಳೆ. ನಾನೂ ಕೈ ಒರೆಸಿಕೊಂಡು ಅವಳ ನೆತ್ತಿ ತಟ್ಟತೊಡಗಿದೆ.

"ಯಾರು ನೆನಸಾಕತ್ತಾರ ನೋಡೂಣು. ಬಾಗಲಕೋಟಿ ನೆಗೆಣ್ಣಿ ಏನು?" ಎಂದೆ. ಅಕ್ಕ ಕೆಮ್ಮುತ್ತಿದ್ದಳು. "ಗಾಡಿ ಮ್ಯಾಲಿನ ತರಕಾರಿ ಅಣ್ಣ ಏನು?" ಎಂದೆ. ಕೆಮ್ಮು ಸಣ್ಣದಾಯಿತು. ಅಡುಗೆಮನೆಯಿಂದ ಹೆಂಡತಿ ನಕ್ಕದ್ದು ಕೇಳಿಸಿತು. ಆಮೇಲೆ ನಾನು ಅಕ್ಕನ ಮಗಳ ಹೆಸರು ಹೇಳಿದೆ. ಕೆಮ್ಮು ಪೂರ್ತಿ ನಿಂತಿತು.

"ಹೌದಿಲ್ಲೋ! ಮಗಳಽ ನೆನಸ್ಯಾಳ ನೋಡು" ಎಂದು ನಾನು ಗೆದ್ದವನಂತೆ ಹೇಳಿ ಇನ್ನೊಂದು ತುತ್ತು ಮುರಿದೆ. ಹೌದು, ಮುರಿದು ಬಾಯಿಗೂ ಇಟ್ಟುಕೊಂಡೆ.

ಕೆಮ್ಮು ನಿಂತದ್ದು ಗಾಳಿ ಹೋಗಲು ಕೂದಲೆಳೆಯಷ್ಟೂ ದಾರಿ ಉಳಿಯದೆ ಹೋದದ್ದರಿಂದ. ಕೆಮ್ಮುತ್ತಿರುವವರೆಗೆ ಭಯವಿಲ್ಲ, ಕೆಮ್ಮಲಿ ಎಂದು ಬಿಡಬೇಕು, ಸದ್ದು ನಿಂತರೆ ಆಗ ಓಡಿಬರಬೇಕು. ಹವಾಲ್ದಾರರು ಅದನ್ನೂ ಹೇಳಿದ್ದಿರಬೇಕು. ನಮ್ಮ ಮನೆತನದ ಲೆಕ್ಕದಲ್ಲಿ ಮಾತ್ರ ಸದ್ದು ನಿಂತರೆ ಸಂಕಟ ಕಳೆಯಿತು ಎಂದು. ನಾನು ನಂಬಿದ್ದು ಆ ಲೆಕ್ಕವನ್ನು.

ಅಕ್ಕ ನನ್ನ ಮುಂಗೈ ಹಿಡಿದಳು. ನೋಡಿದರೆ ಕಣ್ಣು ದೊಡ್ಡದಾಗಿತ್ತು, ಬಾಯಿ ತೆರೆದಿತ್ತು, ಒಳಗಿನಿಂದ ಏನೂ ಬರುತ್ತಿರಲಿಲ್ಲ. ನಾನು ಲೋಟ ಎತ್ತಿ ಅವಳ ತುಟಿಗೆ ಹಿಡಿದೆ. ನೀರು ಕೊಟ್ಟೆ. ಮೂವತ್ತು ವರ್ಷ ಯಾವ ಮಾತನ್ನು ಅಣಕಿಸಿ ಊರನ್ನೇ ನಗಿಸಿದ್ದೆನೋ ಅದು ಆಗ ನೆನಪಿಗೆ ಬರಲಿಲ್ಲ. ನೀರು ಹಾಗೇ ಹೊರಗೆ ಬಂದು ಸೀರೆಯ ಮೇಲೆ ಇಳಿಯಿತು. ಮತ್ತೆ ಕೊಟ್ಟೆ. ಮತ್ತೆ ನೆತ್ತಿ ತಟ್ಟಿದೆ, ಈ ಸಲ ಜೋರಾಗಿ. "ನುಂಗಕ್ಕಾ, ನುಂಗು" ಎನ್ನುತ್ತಿದ್ದೆನಂತೆ. ಹೆಂಡತಿ ಆಮೇಲೆ ಹೇಳಿದ್ದು. ಅವಳು ಹೊರಗೆ ಬಂದು ಅಕ್ಕನ ತುಟಿ ನೀಲಿಯಾದದ್ದನ್ನು ನೋಡಿ ಚೀರಿದಾಗಲೇ ನನಗೆ ಇದು ಸಾವೆಂದು ತಿಳಿದದ್ದು. ಬೆನ್ನಿಗೆ ಒಂದು ಏಟು ಹಾಕಬೇಕೆಂದು ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಲಿಫ್ಟು, ಆಟೋ, ಮೆಟ್ರೋ ಕಂಬಗಳ ಕೆಳಗೆ ಭಾನುವಾರದ ಸಂದಣಿ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಡಾಕ್ಟರು ಇಕ್ಕಳ ಹಾಕಿ ಅರ್ಧ ಬದನೆಕಾಯಿಯನ್ನು ಹೊರಗೆ ತೆಗೆದರು, ಸರಿಯಾಗಿ ಅಗಿಯದ್ದು. "ಘರ್ ಪೆ ಕ್ಯಾ ಕಿಯಾ ಆಪ್ನೆ?" ಮನೆಯಲ್ಲಿ ಏನು ಮಾಡಿದಿರಿ ಎಂದು ಕೇಳಿದರು. "ಪಾನಿ ಪಿಲಾಯಾ" ಎಂದೆ, ನೀರು ಕುಡಿಸಿದೆ ಎಂದು. ಅವರು ನನ್ನ ಮುಖ ನೋಡಿ ಬರೆಯಲು ಕೂತರು.

ಅಕ್ಕನ ಮಗಳು ಕೆಲಸದ ಸಮವಸ್ತ್ರದಲ್ಲೇ ಓಡಿಬಂದಳು. ಅತ್ತು ಅತ್ತು, ನಡುವೆ ಒಮ್ಮೆ ತಲೆ ಎತ್ತಿ ಕೇಳಿದಳು, "ಮಾಮಾ, ಬೆನ್ನಿಗೆ ಬಡದ್ರೇನ್ರಿ?"

"ಬಡದೆ ಯವ್ವಾ. ಐದಾರು ಸಲ ಬಡದೆ. ಬರಲಿಲ್ಲ" ಎಂದೆ.

ಯಾಕೆ ಹಾಗೆ ಹೇಳಿದೆನೋ. ಅವಳ ಮುಖ ನೋಡಲಾಗದೆ ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಅದು ಸುಳ್ಳು. ನನ್ನ ಮರ್ಯಾದೆ ಉಳಿಸಿಕೊಳ್ಳಲು ಹೇಳಿದೆ. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು, ಒಂದು ಮಾತೂ ಆಡಲಿಲ್ಲ. ಆ ಸುಳ್ಳಿನ ಬಗ್ಗೆ ಇವತ್ತಿಗೂ ಆಡಿಲ್ಲ.

ಆ ಒಂದು ಮಾತಿಗೆ ಮಗಳು ಒಂದು ಕತೆಯನ್ನೇ ಕಟ್ಟಿಕೊಂಡಳು. ವರ್ಷದ ಕಾರ್ಯಕ್ಕೆ ಊರಿಂದ ನೆಂಟರೆಲ್ಲ ಬಂದಾಗ ಎಲ್ಲರ ಮುಂದೆ, "ಮಾಮಾ ಭಾಳ ಬಡದಾಡಿದ್ರು. ಅವ್ವನ ನಸೀಬಽ ಅಷ್ಟಿತ್ತು. ಬ್ಯಾರೆ ಯಾರರ ಇದ್ದಿದ್ರ ಅಷ್ಟೂ ಮಾಡ್ತಿರಲಿಲ್ಲ" ಎಂದು ಹೇಳಿ ಬಾಗಿ ನನ್ನ ಕಾಲು ಮುಟ್ಟಿದಳು. ನನಗೆ ನೆಲ ಬಿರಿದು ನುಂಗಬಾರದೆ ಅನಿಸಿತು.

ಮರುವಾರ ಒಬ್ಬನೇ ಶಂಶಾಬಾದಿನ ಅವಳ ಮನೆಗೆ ಹೋದೆ. ಅಳಿಯ ಪಾಳಿಗೆ ಹೋಗಿದ್ದ. ಅವಳು ಚಹಾ ತಂದಿಟ್ಟಳು. ನಾನು ಲೋಟ ಮುಟ್ಟದೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಬೆನ್ನಿಗೆ ಬಡಿಯಲಿಲ್ಲ. ನೆತ್ತಿ ತಟ್ಟಿದೆ. ನೀರು ಕೊಟ್ಟೆ. ನಿನ್ನ ಹೆಸರು ಹೇಳಿದಾಗ ಕೆಮ್ಮು ನಿಂತಿತು, ನೀನೇ ನೆನೆಸಿದ್ದೆಂದು ನಾನು ನಕ್ಕೆ. ಇದನ್ನೂ ಬಿಡದೆ ಹೇಳಿದೆ.

ಅವಳು ಬೈಯುತ್ತಾಳೆ, ಎದ್ದು ಹೋಗು ಎನ್ನುತ್ತಾಳೆ ಎಂದು ಕಾದೆ. ಬೈದರೆ ಹಗುರಾಗುತ್ತಿತ್ತು. ಅವಳು ತನ್ನ ಕೈ ನೋಡಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು:

"ನಾ ಅವತ್ತ ಅವ್ವನ್ನ ನೆನಸಿರಲಿಲ್ಲ ಮಾಮಾ. ಫ್ಲೈಟ್ ಲೇಟಾಗಿ ಮಂದಿ ಗದ್ದಲ ಮಾಡಾಕತ್ತಿದ್ರು. ನನಗ ಮನೀದು ಖಬರಽ ಇರಲಿಲ್ಲ."



"ಇನ್ನೊಂದು ಐತಿ," ಎಂದಳು. "ನನಗ ಇದು ಬರ್ತಿತ್ತು. ನೌಕರಿಗೆ ಸೇರಿದಾಗಽ ಕಲಿಸಿದ್ರು, ವರ್ಷಾ ವರ್ಷಾ ಪರೀಕ್ಷಾ ತೊಗೋತಾರ. ಹದಿನೈದು ದಿವಸಕ್ಕೊಮ್ಮೆ ನಿಮ್ಮ ಮನಿಗೆ ಬರ್ತಿದ್ದೆ, ಅವ್ವನ ಬಾಜೂಕ ಕುಂತು ಉಣ್ತಿದ್ದೆ. ಆಕಿಗೂ ನೆತ್ತಿಗೆ ಹತ್ತತಿತ್ತು, ನಾನೂ ನೆತ್ತಿ ತಟ್ಟಿ ನಗತಿದ್ದೆ. ಒಂದ್ ದಿನಾನೂ ನಿಮಗೂ ಅತ್ತಿಗೂ ಹಿಂಗ ಮಾಡ್ರಿ ಅಂತ ತೋರಸಲಿಲ್ಲ. ಅದು ಡ್ಯೂಟೀದು, ಮನ್ಯಾಗ ಯಾಕ ಬೇಕು ಅಂದ್ಕೊಂಡಿದ್ದೆ."

ನನ್ನ ಭಾರ ಇಳಿಸಿಕೊಳ್ಳಲು ಬಂದವನು ಅವಳ ತಲೆಯ ಮೇಲೆ ಇನ್ನೊಂದು ಹೊರಿಸಿದ್ದೆ. ಅವಳು ಆ ಸುಳ್ಳನ್ನೇ ನಂಬಿಕೊಂಡು ಇಷ್ಟು ದಿನ ಬದುಕಿದ್ದಳು: ಮಾಡಬೇಕಾದ್ದನ್ನು ಯಾರೋ ಮಾಡಿದ್ದರು, ಆದರೂ ಉಳಿಯಲಿಲ್ಲ ಎಂದು. ನಾನು ಅದನ್ನೂ ಕಿತ್ತುಕೊಂಡೆ.

"ನಿಂದೇನ್ ತಪ್ಪೈತಿ ಯವ್ವಾ ಇದರಾಗ" ಎಂದೆ.

"ಹಂಗ ಅನಬ್ಯಾಡ್ರಿ. ವರ್ಷ ಆತು, ನಾ ನಿಮಗ ಅದನ್ನಽ ಅನಕೋತ ಬಂದೀನಿ. ಅದರಿಂದ ನಿಮಗೇನರ ಸಮಾಧಾನ ಆತೇನು?"

"ಇಲ್ಲ" ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು. "ಏಳ್ರಿ ಮಾಮಾ. ಅತ್ತಿಗೂ ನಾಳೆ ನೀವು ತೋರಸ್ರಿ" ಎಂದಳು. ನಾನು ಎದ್ದೆ. ಅವಳು ಪಕ್ಕಕ್ಕೆ ಬಂದು, ಒಂದು ಕೈಯಿಂದ ನನ್ನ ಎದೆಗೆ ಆಸರೆ ಕೊಟ್ಟು, ನನ್ನನ್ನು ಮುಂದಕ್ಕೆ ಬಾಗಿಸಿದಳು. ಮೊದಲು ಅಂಗೈಯ ಬುಡದಿಂದ ಬೆನ್ನಿನ ಎರಡು ರೆಕ್ಕೆಲುಬುಗಳ ನಡುವೆ ಐದು ಏಟು. ಅದಕ್ಕೂ ಬರದಿದ್ದರೆ ಹಿಂದೆ ನಿಂತು, ಹೊಕ್ಕುಳಿಗಿಂತ ತುಸು ಮೇಲೆ ಮುಷ್ಟಿ ಇಟ್ಟು, ಒಳಕ್ಕೂ ಮೇಲಕ್ಕೂ ಐದು ಸಲ ಎಳೆಯಬೇಕು. ಮತ್ತೆ ಬೆನ್ನು, ಮತ್ತೆ ಹೊಟ್ಟೆ. ಮಾಡುತ್ತಿರುವಾಗಲೇ ಇನ್ನೊಬ್ಬರು ಆಂಬುಲೆನ್ಸಿಗೆ ಫೋನು ಮಾಡಬೇಕು. ಹೊಟ್ಟೆಯ ಮೇಲೆ ಎಲ್ಲಿ ಎಂಬುದನ್ನು ನನ್ನ ಕೈಯಿಂದಲೇ ಹುಡುಕಿಸಿದಳು, ಒತ್ತಗೊಡಲಿಲ್ಲ. ಎಲ್ಲ ಸೇರಿ ಹತ್ತು ನಿಮಿಷವೂ ಹಿಡಿಯಲಿಲ್ಲ. ಚಹಾ ಇನ್ನೂ ಬೆಚ್ಚಗಿತ್ತು.

"ಇನ್ನೊಮ್ಮೆ ಮೊದಲಿಂದ ನೋಡಿಕೋರಿ. ಖರೇ ಬಡಿಯೂದಿಲ್ಲ, ಬರೇ ತೋರಸ್ತೀನಿ" ಎಂದು ಮತ್ತೆ ಬಾಗಿಸಿದಳು. ಒಂದು ಎಂದಳು. ಅವಳ ಕೈ ಬೆನ್ನಿಗೆ ತಾಗಿತು ಅಷ್ಟೇ. ಎರಡು. ಮೂರನೆಯದಕ್ಕೆ ಅವಳ ದನಿ ಒಡೆಯಿತು, ಕೈ ಭಾರವಾಯಿತು. ನಾಲ್ಕನೆಯದಕ್ಕೆ ಎಣಿಸುವುದನ್ನು ಬಿಟ್ಟಳು. ಐದನೆಯ ಏಟಿಗೆ ನನ್ನ ಕಣ್ಣು ಕತ್ತಲೆಗಟ್ಟಿತು. ಅವಳು ಅಲ್ಲಿಗೂ ನಿಲ್ಲಿಸಲಿಲ್ಲ. ನಾನು ಸಾಕು ಎನ್ನಲಿಲ್ಲ.